ಅಯ್ಯೂಬ್ ಬ್ಯಾರಿಯ ರಾಸ್ಕಲ್

"ನನ್ನ ಮೊಮ್ಮಗ ಅಜ್ಜನನ್ನು ಕೊಲ್ಲುವವನಲ್ಲ ಮಾರಾಯ್ರೆ," ಎನ್ನುತ್ತಾ ಬೆಂಗ್ರೆಯ ಖೈರುನ್ನಿಸಾ ಬಲ್ಮಠದಲ್ಲಿ ಪತ್ತೇದಾರಿ ಕುಶಲಕ್ಕನ ಮನೆಯ ಮೆಟ್ಟಿಲಲ್ಲೇ ಕುಸಿದು ಕುಳಿತರು. ನಾನು ಮರ್ವಿನ್, ಮಹಡಿಯ ಬಾಡಿಗೆದಾರ. ಕುಶಲಕ್ಕ ಹೇಳಿದಲ್ಲಿಗೆ ಸ್ಕೂಟರ್ ಓಡಿಸುವುದು ನನ್ನ ಹಣೆಬರಹ.

ಹಿಂದಿನ ಸಂಜೆ ಆಕೆಯ ಗಂಡ ಅಯ್ಯೂಬ್ ಬ್ಯಾರಿ ಹಿತ್ತಲಿನ ನೀರಿನ ನಳ್ಳಿಯ ಬಳಿ ತಲೆಯೊಡೆದು ಸತ್ತಿದ್ದರು. ವರ್ಷಗಳ ಮೇಲೆ ಮೊನ್ನೆಯಷ್ಟೇ ಗಲ್ಫಿನ ದಮ್ಮಾಮಿನಿಂದ ಬಂದಿದ್ದ ಮಗ ಅಝರ್ ತನ್ನ ಉಪ್ಪನ, ಎಂದರೆ ತಂದೆಯ, ಸಾವಿನ ಬಗ್ಗೆ ಪೊಲೀಸರಿಗೆ ಹೇಳಿದ್ದ: "ಉಪ್ಪ 'ರಾಸ್ಕಲ್, ಹೊರಗೆ ಹೋಗು' ಅಂದ್ರು. ಸಫ್ವಾನ್ ಮೆಲ್ಲಗೆ 'ಹೋಗುದಿಲ್ಲ' ಅಂದ. 'ಹೋಗುದಿಲ್ವಾ?' ಅಂತ ಉಪ್ಪ ಕೇಳಿದ್ದೇ ತಡ, ಬಿದ್ದ ಸದ್ದು." ತೀರಿಹೋದ ಮಗಳ ಮಗನಾದ ಸಫ್ವಾನ್, ತಾನು ಮನೆಯಲ್ಲೇ ಇರಲಿಲ್ಲ ಎಂದರೂ, ಈಗ ಲಾಕಪ್ಪಿನಲ್ಲಿದ್ದ.

ಊರು ನಂಬಿತ್ತು. ಅಜ್ಜ ಅವನನ್ನು ರಾಸ್ಕಲ್ ಎಂದು ಕೂಗುವುದನ್ನು ಓಣಿಯೆಲ್ಲ ಕೇಳಿತ್ತಲ್ಲ! ನಂತೂರಿನ ವೃತ್ತದಲ್ಲಿ ಲಾರಿಯವನು ಬಸ್ಸಿನವನಿಗೆ ಈ ಇಂಗ್ಲಿಷ್ ಪದ ಅಂದರೆ ಹೊಡೆದಾಟ. ಬೆಲ್ಲದ ಡಬ್ಬಿಗೆ ಕೈ ಹಾಕಿದ ಮಗುವಿಗೆ ಅಂದರೆ ಬರೀ ಮುದ್ದು. ಆದರೆ ಸಾವಿನ ಮನೆಯಲ್ಲಿ ಮುದ್ದು ಯಾರಿಗೆ ನೆನಪಾಗುತ್ತದೆ?

ದೋಣಿಯಲ್ಲಿ ಹೊಳೆ ದಾಟಿ ಬೆಂಗ್ರೆಗೆ ಹೋದೆವು. ಹಿತ್ತಲಿನ ಗೋಡೆಯ ಮೇಲೆ ಅಯ್ಯೂಬ್ ಬ್ಯಾರಿಯ ವಾಚು, ಕಿವಿ ಕೇಳುವ ಮೆಶಿನ್ ಇನ್ನೂ ಇದ್ದವು.

"ನಮಾಝಿಗೆ ಮುಂಚೆ ಕೈಕಾಲು, ಮುಖ, ಕಿವಿ ತೊಳೀಲಿಕ್ಕೆ ತೆಗೆದಿಡ್ತಿದ್ರು," ಎಂದರು ಖೈರುನ್ನಿಸಾ. "ಮೆಶಿನ್ ಇಲ್ಲದಿದ್ರೆ ಪಟಾಕಿ ಒಡೆದ್ರೂ ಕೇಳುದಿಲ್ಲ. ನಾನು ಆಗ ನೆರೆಮನೆಯಲ್ಲಿದ್ದೆ. ಬಂದು ನೋಡುವಾಗ ಅಂಗಿಯ ತೋಳು ಮೇಲಕ್ಕೆ ಮಡಚಿತ್ತು, ಮುಖ ಒದ್ದೆ. ಅಂಗಿಯ ಹೆಗಲು ಹರಿದಿತ್ತು."

ಮರುದಿನ ಕುಶಲಕ್ಕ ಎಲ್ಲರನ್ನೂ ಆ ಮನೆಯ ಚಾವಡಿಯಲ್ಲಿ ಸೇರಿಸಿದರು. ಎಸ್ಐ ಸಫ್ವಾನನನ್ನೂ ಕರೆತಂದಿದ್ದರು.

"ಮುಖ ಒದ್ದೆ, ಅಂಗಿಯ ತೋಳು ಮಡಚಿತ್ತು. ಅಂದ್ರೆ ತೊಳೆಯುವಾಗಲೇ ಬಿದ್ದದ್ದು," ಎಂದರು ಕುಶಲಕ್ಕ. "ಮೆಶಿನ್ ಗೋಡೆಯ ಮೇಲಿತ್ತು. ಮೆಲ್ಲಗೆ ಆಡಿದ ಮಾತಿಗೆ ಅವರು ಉತ್ತರ ಕೊಟ್ಟದ್ದು ಹೇಗೆ ಅಝರ್? ಆ ಮಾತುಕತೆ ನಡೆಯಲೇ ಇಲ್ಲ. ಹೆಗಲು ಹರಿದದ್ದು ಯಾರೋ ಹಿಂದಿನಿಂದ ಎಳೆದದ್ದಕ್ಕೆ. ಮನೆಯಲ್ಲಿದ್ದೆ ಅಂತ ಹೇಳಿದ್ದು ನೀವೊಬ್ಬರೇ."

ಅಝರ್ ತಾಯಿಯತ್ತ ತಿರುಗಿದ. "ಉಪ್ಪನಿಗೆ ಕೇಳ್ತಾ ಇರಲಿಲ್ವಾ?"

"ಮೆಶಿನ್ ತೆಗೆದ್ರೆ ಎಂತದೂ ಕೇಳುದಿಲ್ಲ ಅಂತ ನಿನಗೆ ಹೇಳಿರ್ಲಿಲ್ಲ ಮಗಾ," ಎಂದರು ಖೈರುನ್ನಿಸಾ.

"ಕೆಲಸ ಹೋಯ್ತು ಅಂತ ಹೇಳಲು ಹೋದೆ. ಎಷ್ಟು ಕರೆದ್ರೂ ತಿರುಗಲಿಲ್ಲ. ಬೇಕಂತಲೇ ಅಂದುಕೊಂಡೆ. ಸಿಟ್ಟಲ್ಲಿ ಹೆಗಲು ಹಿಡಿದು ಎಳೆದೆ, ಜಾರಿ ಬಿದ್ರು." ಅಝರ್ ಸಫ್ವಾನನತ್ತ ನೋಡಿದ. "ಸಣ್ಣವನಿದ್ದಾಗ ನನ್ನನ್ನೂ ರಾಸ್ಕಲ್ ಅಂತ ಕರೀತಿದ್ರು. ಗಲ್ಫಿಗೆ ಹೋದ ಮೇಲೆ ನಿಲ್ಲಿಸಿದ್ರು. ಆ ಪ್ರೀತಿ ಎಲ್ಲ ಇವನಿಗೇ ಹೋಯ್ತು."

"ಇಲ್ಲ ಮಗಾ," ಎಂದರು ಖೈರುನ್ನಿಸಾ. "ನಾನೇ ಒಮ್ಮೆ ಕೇಳಿದ್ದೆ, ಎಂತಕ್ಕೆ ಬಿಟ್ರಿ ಅಂತ. 'ಮನೆ ಸಾಕುವ ಮಗನನ್ನು ಹಾಗೆ ಕರೆದ್ರೆ ಅವನಿಗೆ ಮರ್ಯಾದೆ ಉಂಟಾ?' ಅಂದ್ರು."

ಅಝರ್ ನೆಲದ ಮೇಲೆ ಕುಳಿತುಬಿಟ್ಟ. ನನಗೆ ಅಳು ತಡೆಯಲಾಗಲಿಲ್ಲ. ಎಸ್ಐ ಕೂಡ ತುಂಬ ಹೊತ್ತು ಅವನನ್ನು ಏಳಿಸಲಿಲ್ಲ.