ತಕರಾರಿಲ್ಲದ ಹತ್ತನೇ ಚೀಲ

"ರೀ... ಇದೇನ್ರೀ ಇದು!"

ಹೊಲಿಗೆ ಅಂಗಡಿಯ ನೆಲದ ತುಂಬ ಈರುಳ್ಳಿ! ಬಾಗಿಲಲ್ಲಿ ಎದುರು ಬೀದಿಯ ದಿನಸಿ ಅಂಗಡಿಯವನು. ಅವನ ಕೈಯಲ್ಲಿ ಉಳಿದಿದ್ದು ಹರಿದ ಪ್ಲಾಸ್ಟಿಕ್ ಕವರಿನ ಎರಡು ಕಿವಿ ಮಾತ್ರ.

"ಇದಕ್ಕೇ ಬಂದೆ... ಮುಂದಿನ ತಿಂಗಳಿಂದ ನಮ್ಮಲ್ಲಿ ಪ್ಲಾಸ್ಟಿಕ್ ಬಂದ್. ಐದು ಕೆಜಿ ತಡೆಯೋ ಬಟ್ಟೆ ಚೀಲ ಆರಿಸಬೇಕು."

"ಮೊದಲು ಈರುಳ್ಳಿ ಆರಿಸಿ. ಆಮೇಲೆ ಚೀಲ ಆರಿಸೋರಂತೆ!"

ಬೀದಿಯವರು ಈ ಹೊಲಿಗೆಯವಳನ್ನು ಸುಮ್ಮನೆ 'ಕತ್ತರಿ' ಅಂತ ಕರೆಯುತ್ತಿರಲಿಲ್ಲ. ಬಟ್ಟೆಗಿಂತ ಚೆನ್ನಾಗಿ ಮಾತು ಕತ್ತರಿಸುತ್ತಿದ್ದಳು.

ಅವನು ಮೆಷಿನ್ ಕೆಳಗಿಂದ ತಲೆ ಎತ್ತಿದಾಗ ಕೂದಲ ತುಂಬ ಬಣ್ಣಬಣ್ಣದ ದಾರ. ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ... ಅವಳ ಎದೆ ಯಾಕೋ ಒಂದು ಹೊಲಿಗೆ ತಪ್ಪಿತು!

ಆಮೇಲೆ ಶುರುವಾಯಿತು ತಕರಾರು.

"ಹಿಡಿ ಗಿಡ್ಡ ಆಯ್ತು."

"ಈಗ ಉದ್ದ ಆಯ್ತು. ನೆಲ ಗುಡಿಸುತ್ತೆ."

"ಬಣ್ಣ ಬಿಡಲ್ಲ ತಾನೇ? ತೊಳೆದು ನೋಡಿ ನಾಳೆ ಹೇಳ್ತೀನಿ."

ದಿನಕ್ಕೊಂದು ನಮೂನೆ. ಅವಳು ಬೈಯುತ್ತಲೇ ಹೊಲಿದಳು.

"ಬೈಯೋಕೆ ಹೊಸ ಕಿವಿಯೋಲೆ ಯಾಕೇ?" ಗುಂಡಿ ಹಚ್ಚುತ್ತಿದ್ದ ಚಿಕ್ಕಮ್ಮ ಕೇಳಿದರು.

"ಸುಮ್ಮನಿರಿ ಚಿಕ್ಕಮ್ಮ!"

ಹತ್ತನೇ ಚೀಲ ಒಯ್ದವನು ಮೂರು ದಿನ ಬರಲೇ ಇಲ್ಲ. ನಾಲ್ಕನೇ ದಿನ ಅವಳೇ ರಸ್ತೆ ದಾಟಿದಳು. ಅವನು ಬೆನ್ನು ತಿರುಗಿಸಿ ಫೋನಿನಲ್ಲಿದ್ದ.

"ಕೊನೆಗೂ ಒಪ್ಕೊಂಡೆ ಅಮ್ಮಾ... ಕುಳ್ಳಗಿದೆ. ಬಾಯಿ ಸ್ವಲ್ಪ ದೊಡ್ಡದು. ಆದ್ರೆ ಎಷ್ಟು ಹೊರೆ ಹೇರಿದ್ರೂ ತಡ್ಕೊಳ್ಳುತ್ತೆ."

ಕತ್ತರಿಯ ಕಿವಿ ಕಾದ ಇಸ್ತ್ರಿಪೆಟ್ಟಿಗೆಯಾಯಿತು. 'ಕುಳ್ಳಗಿರೋದು ನಿಜ, ಹೋಗಲಿ... ಬಾಯಿ ದೊಡ್ಡದಂತೆ! ಅದೂ ನನ್ನನ್ನ ಅದು ಇದು ಅಂತಾನೆ!'

"ಹೊರೆ ಹೊರೋಕೆ ನಾನೇನು ಕತ್ತೇನಾ? ನೀವು ಒಪ್ಕೊಂಡ್ರೆ ಆಯ್ತಾ? ನಾನು ಒಪ್ಪಬೇಡ್ವಾ ಮದುವೆಗೆ?"

ಬೇಳೆ ಕೊಳ್ಳುತ್ತಿದ್ದ ಅಜ್ಜ ಕೆಮ್ಮತೊಡಗಿದ. ಅಂಗಡಿಯವನ ಮುಖ ಸುಣ್ಣವಾಯಿತು.

"ಮ... ಮದುವೆ? ಚೀಲದ ಬಾಯಿ ಕಣ್ರೀ! ನಿಮ್ಮ ಮೊದಲನೇ ಚೀಲ!"

ಅಯ್ಯೋ ದೇವರೇ... ಭೂಮಿ ಬಾಯಿ ಬಿಟ್ಟಿದ್ದರೆ ಅವಳು ಇಳಿದೇಬಿಡುತ್ತಿದ್ದಳು. ಆದರೂ ಕತ್ತರಿ ಕತ್ತರಿಯೇ.

"ಮೊದಲನೇದೇ ಒಪ್ಪಿಗೆ ಆಗಿದ್ರೆ, ಉಳಿದ ಒಂಬತ್ತು ಯಾಕೆ ಹೊಲಿಸಿದ್ರಿ?"

ಅವನು ತಲೆ ತಗ್ಗಿಸಿದ. "ಮೊದಲ ದಿನವೇ ಒಪ್ಪಿದ್ರೆ... ಎರಡನೇ ದಿನ ಯಾವ ಮುಖ ಹೊತ್ತು ಬರ್ತಿದ್ದೆ?"

"ಮತ್ತೆ ಮೂರು ದಿನದಿಂದ?"

"ಹತ್ತನೇದರಲ್ಲಿ ಎಷ್ಟು ಹುಡುಕಿದ್ರೂ ತಪ್ಪೇ ಸಿಗಲಿಲ್ಲ ರೀ..."

ಅವಳ ಕೈ ತಾನಾಗಿ ಹೊಸ ಕಿವಿಯೋಲೆಗೆ ಹೋಯಿತು.

ಫೋನಿನಿಂದ ಅಮ್ಮನ ದನಿ ಬಂತು. "ಯಾರೋ ಅದು, ಮದುವೆ ಅಂದಿದ್ದು? ಫೋನ್ ಅವಳಿಗೆ ಕೊಡು!"

ಅವನು ಅವಳತ್ತ ಫೋನ್ ಚಾಚಿದ.

"ನಮಸ್ಕಾರ ಅತ್ತೆ..." ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು.

"ಏನಂದ್ರಿ?" ಅವನ ಕಣ್ಣು ತುಂಬಿತ್ತು. "ಇನ್ನೊಂದ್ಸಲ..."

ಅವಳು ಅವನನ್ನೇ ನೋಡುತ್ತಾ ಫೋನಿಗೆ ಹೇಳಿದಳು, "ಅತ್ತೇ, ಇನ್ನು ಮೇಲೆ ನಿಮ್ಮ ಮಗ ಬರಿಗೈಲಿ ಬಂದ್ರೂ ಪರವಾಗಿಲ್ಲ ಅಂತ ಹೇಳಿ."

"ದಿನಾ?" ಅವನು ಪಿಸುಗುಟ್ಟಿದ.

"ಭಾನುವಾರಾನೂ..."