ತಾರಸಿ ಬಾಗಿಲಿಗೆ ಬಾಣವಿರಲಿಲ್ಲ

ಕುಕ್ ಟೌನಿನ ಹಳೆ ಬಂಗಲೆಯಲ್ಲಿ ಖುರ್ಷೀದ್ ಬಿ ಸತ್ತು ಬಿದ್ದಿದ್ದರು. ಕುತ್ತಿಗೆಗೆ ಅವರದೇ ದುಪಟ್ಟಾ. ಒಡವೆಯ ಬೀರು ಖಾಲಿ. ಬೆಳಿಗ್ಗೆ ಮೊದಲು ನೋಡಿದವನು, ಅವರನ್ನು ಖಾಲಾ ಎಂದು ಕರೆಯುತ್ತಿದ್ದ ತಂಗಿಯ ಮಗ ಅಕ್ತರ್. ಸಂಜೆಗೆ ಲಾಕಪ್ಪು ಸೇರಿದವನೂ ಅವನೇ.

ಕಾರಣ, ಬಂಗಲೆಯ ಸೈರನ್. ಗೇಟಿಗೂ ಮುಂಬಾಗಿಲಿಗೂ ಕಾರ್ಡ್ ತೋರಿಸಿ ಬಂದರೆ ಅದು ಸುಮ್ಮನಿರಬೇಕು. ಬೇರೆ ಯಾವ ದಾರಿಯಲ್ಲಿ ಬಂದರೂ ಕಿರುಚಬೇಕು. ಕಿರುಚಲಿಲ್ಲ. ಖುರ್ಷೀದ್ ಬಿ ಅವರದು ಬಿಟ್ಟರೆ ಇನ್ನೊಂದು ಕಾರ್ಡ್ ಇದ್ದದ್ದು ಅಕ್ತರ್‌ ಬಳಿ. ಮುಗೀತಲ್ಲ ಕಥೆ!

ಎಸ್‌ಐ ಯಮುನಾಗೆ ಮಾತ್ರ ಮುಗಿದಿರಲಿಲ್ಲ. ಪೊಲೀಸ್ ಕೆಲಸಕ್ಕೆ ಮುಂಚೆ ಅವಳು ಓದಿದ್ದು ಕಂಪ್ಯೂಟರ್ ಸೈನ್ಸ್.

* * *

"ಅಲ್ಲಾ ಕಸಂ ಮೇಡಂ, ಖಾಲಾ ನನ್ನ ಸಾಕಿದೋರು." ಅಕ್ತರ್ ಲಾಕಪ್ಪಿನ ಸರಳು ಹಿಡಿದುಕೊಂಡ.

"ಕಾರ್ಡ್ ಇಲ್ದೆ ಒಳಗೆ ಬರೋಕಾಗುತ್ತಾ?"

"ಆಗುತ್ತೆ. ಪಾರಿವಾಳಕ್ಕೆ ಕಾಳು ಹಾಕೋಕೆ ದಿನಾ ಹಿಂದಿನ ಮೆಟ್ಲು ಹತ್ತಿ ಹೋಗ್ತೀನಿ. ತಾರಸಿ ಬಾಗಿಲಿನ ಚಿಲಕ ಕೆಟ್ಟಿದೆ. ಅಲ್ಲಿಂದಾನೇ ಒಳಗೆ ಇಳೀತೀನಿ. ಒಂದಿನಾನೂ ಸೈರನ್ ಹೊಡ್ಕೊಂಡಿಲ್ಲ."

* * *

ಮಾರನೆಯ ದಿನ ಮಧ್ಯಾಹ್ನ ಬಂಗಲೆಯಲ್ಲಿ, ಯಮುನಾ ಕರೆಸಿದ್ದ ದತ್ತು ಕಾಯುತ್ತಿದ್ದ. ಸೈರನ್ನಿನ ಪ್ರೋಗ್ರಾಂ ಬರೆದವನು ಅವನು.

"ಒಪ್ಪೋ ದಾರಿಗೆಲ್ಲ ಬಾಣ ಹಾಕಿ ಚಿತ್ರ ಬರೆದೆ ಮೇಡಂ. ಆಮೇಲೆ ಹೌದು ಅನ್ನೋದನ್ನ ಇಲ್ಲ ಮಾಡಿದೆ, ಇಲ್ಲ ಅನ್ನೋದನ್ನ ಹೌದು ಮಾಡಿದೆ. ಹಿಂಗೆ ತಿರುವಿ ಹಾಕೋದಕ್ಕೆ ಕಾಂಪ್ಲಿಮೆಂಟ್ ಅಂತಾರೆ. ಸೈರನ್ ಹೊಡೀಬೇಕಾದ ಉಳಿದ ದಾರಿ ಎಲ್ಲಾ ಅದರಲ್ಲೇ ಬಂತು."

"ಆಮೇಲೆ ಏನಾದ್ರೂ ಬದಲಾಯಿಸಿದ್ರಾ?"

"ಹಾಕಿಕೊಟ್ಟ ಮೇಲೆ ಕೈಯೇ ಇಟ್ಟಿಲ್ಲ."

ಯಮುನಾ ಪೇದೆಗಳನ್ನು ಗೇಟಿನಲ್ಲಿ ಬಿಟ್ಟು ಒಬ್ಬಳೇ ಹಿಂದಿನ ಮೆಟ್ಟಿಲು ಹತ್ತಿದಳು. ತಾರಸಿ ಬಾಗಿಲು ತಳ್ಳಿದಳು.

ಸೈರನ್ ಕಿರುಚಿಕೊಂಡಿತು!

ಅಕ್ತರ್ ಸುಳ್ಳು ಹೇಳಿದನೇ? ಮರುಕ್ಷಣ ಇನ್ನೊಂದು ಯೋಚನೆ ಬಂತು, ಯಾರೋ ಪ್ರೋಗ್ರಾಂ ತಿದ್ದಿದ್ದಾರೆ. ಮೆಟ್ಟಿಲ ಕೆಳಗೆ ದತ್ತು ನಿಂತಿದ್ದ. ಕೈಯಲ್ಲಿ ಲ್ಯಾಪ್‌ಟಾಪಿನ ವೈರು, ಎರಡು ಸುತ್ತು ಸುತ್ತಿಕೊಂಡಿತ್ತು.

"ನೀವೇ ಪ್ರೋಗ್ರಾಂ ಸರಿ ಮಾಡಿದ್ರಿ," ಎಂದಳು. "ನಿಮ್ಮ ಚಿತ್ರದಲ್ಲಿ ತಾರಸಿಗೆ ಬಾಣಾನೇ ಇರಲಿಲ್ಲ. ಬಾಣ ಇಲ್ಲದ ಕಡೆ ಯಂತ್ರ ಹೌದೂ ಅನ್ನಲ್ಲ, ಇಲ್ಲಾನೂ ಅನ್ನಲ್ಲ, ಸುಮ್ಮನೆ ನಿಂತುಬಿಡುತ್ತೆ, ಸೈರನ್ ಹೊಡೆಯಲ್ಲ. ಚಿತ್ರದಲ್ಲಿ ಇಲ್ಲದ ದಾರೀನೆಲ್ಲ ಮೊದಲು 'ಇಲ್ಲ' ಅನ್ನೋ ಒಂದು ಗುಂಡಿಗೆ ಬೀಳಿಸಬೇಕು. ಆಮೇಲೆ ತಿರುವಿ ಹಾಕಿದ್ರೆ ಅದೂ 'ಹೌದು' ಆಗಿ ಸೈರನ್ ಹೊಡೆಯುತ್ತೆ. ನೀವು ಗುಂಡಿ ತೋಡೋದನ್ನ ಮರೆತ್ರಿ. ಆ ಮರೆವಿನ ದಾರೀಲೇ ಕೊಲೆ ಮಾಡೋಕೆ ಬಂದ್ರಿ."

ದತ್ತು ಒಂದು ಮೆಟ್ಟಿಲು ಹತ್ತಿದ. "ಸಾಕ್ಷಿ?"

"ಪಾರಿವಾಳಕ್ಕೆ ಕಾಳು ಹಾಕೋನಿಗೆ ಒಂದಿನಾನೂ ಹೊಡೀದೇ ಇದ್ದಿದ್ದು ಇವತ್ತು ಹೊಡೀತು. ಕೈಯೇ ಇಟ್ಟಿಲ್ಲ ಅಂದ್ರಲ್ಲ?"

ಅವನು ಇನ್ನೊಂದು ಮೆಟ್ಟಿಲು ಹತ್ತಿದ. ಅಷ್ಟರಲ್ಲಿ ಸೈರನ್ ಕೇಳಿದ ಗೇಟಿನ ಪೇದೆಗಳು ನುಗ್ಗಿ ಬಂದು ಅವನನ್ನು ಅಮುಕಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅಕ್ತರ್ ತಾರಸಿ ದಾರಿಯ ಮಾತೆತ್ತಿದರೂ ಸುಳ್ಳೆನಿಸಲಿ ಅಂತ ದತ್ತು ಕೊಲೆಯಾದ ಮೇಲೆ ತನ್ನ ರೂಮಿನಿಂದಲೇ ಪ್ರೋಗ್ರಾಂ ತಿದ್ದಿದ್ದ. ಒಡವೆಯೂ ಮಾರತ್ತಹಳ್ಳಿಯ ಆ ರೂಮಿನಲ್ಲೇ ಸಿಕ್ಕಿತು.

* * *

ಬಿಡುಗಡೆಯಾದ ಅಕ್ತರ್ ಯಮುನಾ ಜೊತೆ ಮೊದಲು ಹೋದದ್ದು ಹಸಿದ ಪಾರಿವಾಳಗಳ ಹತ್ತಿರ. ಕಾಳು ಹಾಕಿ, ಅಭ್ಯಾಸಬಲದಿಂದ ತಾರಸಿ ಬಾಗಿಲು ತಳ್ಳಿದ. ಸೈರನ್ ಕಿರುಚಿತು.

ಅಲ್ಲೇ ಕುಸಿದು ಕೂತ. "ಆವತ್ತು ಹಿಂಗೆ ಹೊಡ್ಕೊಂಡಿದ್ರೆ ಖಾಲಾ ಇರ್ತಿದ್ರು ಮೇಡಂ," ಅಂತ ಅತ್ತ.