ತಟ್ಟದ ಹುಡುಗಿ

"ತಟ್ರಿ... ತಟ್ಟಿಬಿಡ್ರಿ!"

ನೀಲಾಂಬಿಕಾ ಹಲ್ಲು ಕಚ್ಚಿದಳು. ಮ್ಯಾಟಿನ ಮೇಲೆ ಅಂಗಾತ ಬಿದ್ದಿದ್ದ ಅವಳ ಬಲಗೈ ಹಾಗೆ ಕೂಗುತ್ತಿದ್ದ ಮಾಲತೇಶನ ಮೊಣಕಾಲುಗಳ ನಡುವೆ ಸಿಕ್ಕಿ ಸೆಟೆದಿತ್ತು. ನೋವಾದರೆ ಮ್ಯಾಟ್ ತಟ್ಟಬೇಕು, ಎದುರಿನವರು ಕೂಡಲೇ ಬಿಡಬೇಕು. ಜೂಡೋದಲ್ಲಿ ಅದೇ ನಿಯಮ.

ಆದರೆ ಅವಳು ತಿಳವಳ್ಳಿಯ ಪೈಲವಾನರ ಮನೆಯವಳು! ನೋವಾಯಿತೆಂದು ತಟ್ಟಿ ಬಿಡಿಸಿಕೊಂಡವರನ್ನು ಆ ಮನೆ ಕಂಡಿರಲಿಲ್ಲ.

ಅವಳು ತಟ್ಟಲಿಲ್ಲ. ಅವನೇ ಬಿಟ್ಟ.

ಹಾನಗಲ್ಲಿನ ಗರಡಿಮನೆಯಲ್ಲಿ ಅಂದು ಅವರಿಬ್ಬರ ಮೊದಲ ಭೇಟಿ. ಮಾಸೂರಿನ ಮಾಲತೇಶ ಜೂಡೋ ಕಲಿಸಲು ಹೊಸದಾಗಿ ಬಂದಿದ್ದ. ಆಮೇಲೂ ದಿನಾ ಅದೇ ಆಯಿತು. ಪಟ್ಟು ಬಿಗಿಯುವಷ್ಟರಲ್ಲಿ ಅವನ ಹಿಡಿತ ಸಡಿಲ!

'ಹೆಣ್ಣುಮಗಳಂತ ಸಸಾರ ಮಾಡ್ಯಾನ...' ಒಂದು ದಿನ ಅವಳ ಕಣ್ಣು ತುಂಬಿತು.

"ರವಿವಾರ ಹಾವೇರಿ ಒಳಗ ಆಯ್ಕೆ ಪಂದ್ಯ ಐತ್ರಿ. ಅಲ್ಲಿ ನನ್ನ ಕೈ ಯಾರ ಬಿಡ್ತಾರ? ನಿಮ್ಮ ಕನಿಕರ ನನಗ ಬ್ಯಾಡ. ನಾಳೆಯಿಂದ ನನ್ನ ಜೋಡಿ ಆಡಬ್ಯಾಡ್ರಿ!"

ಅವನು ಮ್ಯಾಟಿನಿಂದ ಎದ್ದು ದೂರ ಸರಿದ.

ಮರುದಿನ ಅಭ್ಯಾಸ ಮುಗಿಸಿ ಹೊರಬಂದಾಗ ಅವಳ ಅಂಗಾಲು ಸುಟ್ಟಿತು. ಚಪ್ಪಲಿ ಬಿಸಿಲಲ್ಲಿ ಕಾದಿದ್ದವು. ಇಷ್ಟು ದಿನ ನೆರಳಲ್ಲಿರುತ್ತಿದ್ದವಲ್ಲ... ಯಾರು ಸರಿಸುತ್ತಿದ್ದರು? ಅವಳು ಕೇಳಿಯೇಬಿಟ್ಟಳು.

ಜೊತೆಗೆ ಆಡುವ ಸವಣೂರಿನ ಅಫ್ಸಾನಾ ನಕ್ಕಳು. "ಮಾಲತೇಶಣ್ಣ. ಇವತ್ತು ಆ ಕಡೀಗೆ ಬರಾಕ ಹೆದರ್ಯಾನ! ಮುಂಜಾನೆ ನನಗ ಹೇಳಿದ, 'ಅಕಿ ತಟ್ಟೂದಿಲ್ಲ. ನೋವಾದ್ರ ಕಾಲ್ಬೆರಳು ಮಡಚತಾಳ. ಅದನ್ನ ನೋಡಿ ಬಿಡು. ಇಲ್ಲಾಂದ್ರ ಕೈ ಮುರೀತೈತಿ' ಅಂತ."

ನೀಲಾಂಬಿಕಾ ಅಲ್ಲೇ ನಿಂತುಬಿಟ್ಟಳು. ತನಗೇ ಗೊತ್ತಿಲ್ಲದ ತನ್ನ ನೋವಿನ ಗುರುತನ್ನು ಒಬ್ಬ ಕಾದು ನೋಡುತ್ತಿದ್ದನೇ!

ಅವಳು ತಿರುಗಿ ಒಳಗೆ ಹೋದಳು. ಮಾಲತೇಶ ಒಬ್ಬನೇ ಮ್ಯಾಟ್ ಒರೆಸುತ್ತಿದ್ದ.

"ಮತ್ತೊಮ್ಮೆ ಹಿಡೀರ್ರಿ. ನೋವಾದ್ರ ತಟ್ತೇನಿ... ಆಣಿ ಮಾಡಿ ಹೇಳ್ತೇನಿ. ಅಲ್ಲೀತನಕ ಬಿಡಬ್ಯಾಡ್ರಿ."

ಅವನು ಹಿಡಿದ. ಈ ಸಲ ಪೂರ್ತಿ. ನೋವು ಭುಜಕ್ಕೇರಿತು. ಅವಳು ತಟ್ಟಿದಳು. ಅವನು ಬಿಟ್ಟ. ಆಕಾಶವೇನೂ ಕಳಚಿ ಬೀಳಲಿಲ್ಲ!

"ಈಗ ಹೆಬ್ಬೆರಳು ನೆಲದ ಕಡೆ ತಿರುವು, ನೀಲಾ. ಅದು ಹೋದ ಕಡೆ ಮೈ ಹೋಗಲಿ."

ಮತ್ತೆ ಹಿಡಿದ. ಅವಳು ಹೆಬ್ಬೆರಳು ತಿರುವಿದಳು, ಉಸಿರು ಬಿಗಿಹಿಡಿದು ಉರುಳಿದಳು...

ಕೈ ಹೊರಗೆ ಬಂದಿತ್ತು!

ಅಷ್ಟು ಬಲದ ತೋಳುಗಳಿಂದ, ಒಂದು ಹೆಬ್ಬೆರಳ ತಿರುವಿಗೆ! ಅವಳು ತನ್ನ ಕೈಯನ್ನೇ ಮೊದಲ ಸಲ ಕಂಡಂತೆ ನೋಡಿಕೊಂಡಳು. ಅವನೂ ಹಾಗೇ ಬೆರಗಾಗಿ ನೋಡುತ್ತಿದ್ದ.

"ನಾ ಬಿಟ್ಟಿಲ್ಲ, ನೀಲಾ. ಖರೇವಂದ್ರೂ ಬಿಟ್ಟಿಲ್ಲ!"

"ಗೊತ್ತಾತ್ರಿ..."

ಅವನು ಬೆರಗಿನಲ್ಲಿರುವಾಗಲೇ ಅವಳು ಅವನ ಮಣಿಕಟ್ಟು ಹಿಡಿದು ತಿರುಗುಪಟ್ಟು ಹಾಕಿದಳು. ಅವನು ತಕ್ಷಣ ತಟ್ಟಿದ.

"ಇನ್ನೂ ಎಳದಽ ಇಲ್ಲ! ಇಷ್ಟ ಲಗೂನ ಯಾಕ ತಟ್ಟಿದ್ರಿ?"

"ಮತ್ತ ನನ್ನ ಕಾಲ್ಬೆರಳು ನೋಡಾಕ ಯಾರ ಅದಾರ?"

ಅವಳು ಹಿಡಿತ ಸಡಿಲಿಸಿದಳು. ಕೈ ಮಾತ್ರ ಬಿಡಲಿಲ್ಲ.

"ನೋಡಾಕ ನಾ ಅದೀನಲ್ರಿ..."